ಹಳೆ ಮನೆಯಲ್ಲಿ ಲೈಟ್ ಮಿಣುಕು, ನಲ್ಲಿ ಮುಟ್ಟಿದರೆ ಜುಮ್: ಎಂಸಿಬಿ ಹಾಕಿಸಿದರೆ ಸಾಕೇ?

"ಮನೆಗೆ ಎಂಸಿಬಿ ಹಾಕಿಸಿದರೆ ಆಯ್ತು, ಇನ್ನು ಶಾಕ್ ಹೊಡೆಯುವ ಭಯವೇ ಇಲ್ಲ." ಮಳೆಗಾಲ ಶುರುವಾಯಿತೆಂದರೆ ಫ್ಯಾಮಿಲಿ ಗ್ರೂಪುಗಳಲ್ಲಿ ಈ ಧಾಟಿಯ ಸಂದೇಶಗಳು ಓಡಾಡತೊಡಗುತ್ತವೆ. ಜೊತೆಗೆ "ರಬ್ಬರ್ ಚಪ್ಪಲಿ ಹಾಕಿದ್ದರೆ ಏನೂ ಆಗಲ್ಲ", "ಟೆಸ್ಟರ್ ಉರಿಯದಿದ್ದರೆ ಧೈರ್ಯವಾಗಿ ಮುಟ್ಟಿ", "ಶಾಕ್ ಹೊಡೆದವರನ್ನು ಮಣ್ಣಲ್ಲಿ ಹೂತರೆ ಕರೆಂಟ್ ಇಳಿಯುತ್ತೆ" ಎಂಬವೂ ಇರುತ್ತವೆ. ಕೊನೆಯದು ಪೂರ್ತಿ ಸುಳ್ಳು. ಮೊದಲ ಮೂರು ಅರ್ಧ ನಿಜ. ನಮಗೆ ಹೆಚ್ಚು ಭಯ ಹುಟ್ಟಿಸುವುದು ಈ ಅರ್ಧ ನಿಜಗಳೇ, ಏಕೆಂದರೆ ಜನ ಅವನ್ನು ನಂಬಿ ಒದ್ದೆ ಕೈಯಲ್ಲಿ ಗೀಸರ್ ಸ್ವಿಚ್ ಹಾಕುತ್ತಾರೆ.

ಹೊಸ ಅಪಾರ್ಟ್‌ಮೆಂಟುಗಳ ವಿಷಯ ಇಲ್ಲಿ ಬೇಡ. ಅಜ್ಜ ಕಟ್ಟಿಸಿದ್ದು, ಅಪ್ಪ ಒಂದು ಕೋಣೆ ಸೇರಿಸಿದ್ದು, ಮಗ ಮೇಲೊಂದು ಮನೆ ಎಬ್ಬಿಸಿದ್ದು, ಹೀಗೆ ಮೂರು ತಲೆಮಾರು ವೈರ್ ಎಳೆದ ಮನೆಗಳ ಮಾತಾಡೋಣ. ಮರದ ಪಟ್ಟಿಯ ಮೇಲೆ ಓಡುವ ವೈರು, ಪಿಂಗಾಣಿ ಫ್ಯೂಸು, ಗುಂಡಗಿನ ಕಪ್ಪು ಸ್ವಿಚ್ಚು. ನಾಲ್ಕು ಬಲ್ಬು, ಒಂದು ರೇಡಿಯೋ ಎಂದು ಲೆಕ್ಕ ಹಾಕಿ ಎಳೆದ ಆ ವೈರಿಗೆ ಇವತ್ತು ಫ್ರಿಜ್, ವಾಷಿಂಗ್ ಮಷಿನ್, ಇಂಡಕ್ಷನ್ ಒಲೆ, ಗೀಸರ್ ಎಲ್ಲವೂ ನೇತುಹಾಕಿಕೊಂಡಿವೆ.

ಎಂಸಿಬಿ ಕಾಯುವುದು ವೈರನ್ನು, ನಿಮ್ಮನ್ನಲ್ಲ

ಹಳೆಯ ಪಿಂಗಾಣಿ ಫ್ಯೂಸ್ ಮಾಡುತ್ತಿದ್ದ ಕೆಲಸವನ್ನೇ ಎಂಸಿಬಿ ಇನ್ನೂ ಚೆನ್ನಾಗಿ ಮಾಡುತ್ತದೆ. ವೈರು ತಡೆದುಕೊಳ್ಳುವುದಕ್ಕಿಂತ ಹೆಚ್ಚು ಕರೆಂಟ್ ಹರಿದರೆ, ಇಲ್ಲವೇ ಶಾರ್ಟ್ ಆದರೆ, ಲೈನ್ ಕತ್ತರಿಸುತ್ತದೆ. 16 ಆಂಪಿಯರ್ ಎಂಸಿಬಿ ಎಂದರೆ 16 ಆಂಪಿಯರ್ ತನಕ ಅದು ಸುಮ್ಮನಿರುತ್ತದೆ.

ಈಗ ಮನುಷ್ಯನ ಲೆಕ್ಕ ನೋಡಿ. ಸುಮಾರು 10 ಮಿಲಿಆಂಪಿಯರ್ ಕೈಯಲ್ಲಿ ಹರಿದರೆ ಸ್ನಾಯು ಬಿಗಿದು, ಹಿಡಿದದ್ದನ್ನು ಬಿಡಲಾಗದ ಸ್ಥಿತಿ ಬರಬಹುದು. 30 ಮಿಲಿಆಂಪಿಯರ್ ದಾಟಿ ಸ್ವಲ್ಪ ಹೊತ್ತು ಎದೆಯ ಮೂಲಕ ಹರಿದರೆ ಹೃದಯದ ಬಡಿತ ದಿಕ್ಕು ತಪ್ಪುವ ಅಪಾಯ ಶುರು. ನಮ್ಮ ಮನೆಯ 230 ವೋಲ್ಟ್ ಒದ್ದೆ ಮೈಯ ಮೂಲಕ 100ರಿಂದ 200 ಮಿಲಿಆಂಪಿಯರ್ ಹರಿಸಬಲ್ಲದು. 16 ಆಂಪಿಯರ್ ಎಂದರೆ 16,000 ಮಿಲಿಆಂಪಿಯರ್. ಅಂದರೆ ಒಬ್ಬ ಮನುಷ್ಯ ಸಾಯುತ್ತಿರುವಾಗ ಎಂಸಿಬಿಯ ಪಾಲಿಗೆ ಅಲ್ಲಿ ಒಂದು ಸಣ್ಣ ಬಲ್ಬ್ ಉರಿಯುತ್ತಿದೆ, ಅಷ್ಟೇ.

ಮನುಷ್ಯನನ್ನು ಕಾಯಲು ಇರುವ ಸಾಧನ ಬೇರೆ. ಅದರ ಹೆಸರು ಆರ್‌ಸಿಸಿಬಿ. ಕೆಲವು ಎಲೆಕ್ಟ್ರಿಷಿಯನ್‌ಗಳು ಹಳೆ ಅಭ್ಯಾಸದಿಂದ ಇಎಲ್‌ಸಿಬಿ ಎಂದೂ ಕರೆಯುತ್ತಾರೆ. ಫೇಸ್ ವೈರಿನಲ್ಲಿ ಎಷ್ಟು ಕರೆಂಟ್ ಒಳಗೆ ಹೋಯಿತೋ ಅಷ್ಟೇ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ, ಅಷ್ಟು ಕರೆಂಟ್ ಎಲ್ಲೋ ಬೇರೆ ದಾರಿಯಲ್ಲಿ ನೆಲಕ್ಕೆ ಹೋಗುತ್ತಿದೆ ಎಂದು ಲೆಕ್ಕ. ಆ ಬೇರೆ ದಾರಿ ನೀವೇ ಆಗಿರಬಹುದು. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಟ್ರಿಪ್ ಆಗುತ್ತದೆ. ಗುರುತಿಸುವುದು ಸುಲಭ: ಅದರ ಮೇಲೆ 'ಟಿ' ಅಥವಾ 'ಟೆಸ್ಟ್' ಎಂಬ ಪುಟ್ಟ ಬಟನ್ ಇರುತ್ತದೆ. ಎಂಸಿಬಿಗೆ ಆ ಬಟನ್ ಇರುವುದಿಲ್ಲ. ಈಗಲೇ ಎದ್ದು ಹೋಗಿ ನಿಮ್ಮ ಮನೆಯ ಬೋರ್ಡ್ ನೋಡಿ ಬನ್ನಿ, ಮುಂದಿನದನ್ನು ಆಮೇಲೆ ಓದಬಹುದು.

ಆರ್‌ಸಿಸಿಬಿಗೂ ಮಿತಿಗಳಿವೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಅದರ ಲೆಕ್ಕ ತಾಳೆಯಾಗಿಬಿಡುತ್ತದೆ, ಅದು ಸುಮ್ಮನಿರುತ್ತದೆ. ಓವರ್‌ಲೋಡ್ ಆದರೂ ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಎಂಸಿಬಿ ಮತ್ತು ಆರ್‌ಸಿಸಿಬಿ ಎರಡೂ ಬೇಕು.

ಲೈಟ್ ಮಂಕಾಯಿತು: ತೊಂದರೆ ನಮ್ಮದೋ, ಲೈನಿನದೋ?

ಲೈಟ್ ಮಿಣುಕಿದಾಗ ಮೊದಲು ಮಾಡಬೇಕಾದದ್ದು ಸ್ಟೆಬಿಲೈಸರ್ ಖರೀದಿ ಅಲ್ಲ, ಪಕ್ಕದ ಮನೆಗೆ ಹೋಗಿ ಕೇಳುವುದು. ಇಡೀ ಬೀದಿಯಲ್ಲಿ ಸಂಜೆ ಹೊತ್ತು ಮಂಕಾಗುತ್ತಿದ್ದರೆ ಅದು ಟಿಸಿ ಮೇಲಿನ ಹೊರೆಯ ಸಮಸ್ಯೆ. ನಿಮ್ಮ ಒಂದು ಕೋಣೆಯಲ್ಲಿ ಮಾತ್ರ ಆಗುತ್ತಿದ್ದರೆ ಆ ಕೋಣೆಯ ಯಾವುದೋ ಜಾಯಿಂಟ್ ಸಡಿಲ. ಇಡೀ ಮನೆಯಲ್ಲಿ ಆಗುತ್ತಿದ್ದು ಪಕ್ಕದ ಮನೆಯಲ್ಲಿ ಏನೂ ಇಲ್ಲದಿದ್ದರೆ ಕಂಬದಿಂದ ಮೀಟರ್‌ಗೆ ಬರುವ ಸರ್ವಿಸ್ ವೈರು, ಮೀಟರಿನ ಟರ್ಮಿನಲ್ ಅಥವಾ ಮೇನ್ ಸ್ವಿಚ್, ಈ ಮೂರರಲ್ಲಿ ಒಂದು. ಮೀಟರ್ ತನಕದ್ದಕ್ಕೆ ಲೈನ್‌ಮನ್ ಬರಬೇಕು. ಮೀಟರಿನ ಸೀಲ್ ಮುಟ್ಟುವ ಹಕ್ಕು ನಿಮಗೂ ಇಲ್ಲ, ನಿಮ್ಮ ಎಲೆಕ್ಟ್ರಿಷಿಯನ್‌ಗೂ ಇಲ್ಲ. ಕರ್ನಾಟಕದಲ್ಲಿ ವಿದ್ಯುತ್ ದೂರಿಗೆ 1912ಕ್ಕೆ ಕರೆ ಮಾಡಬಹುದು. ಮೀಟರಿನಿಂದ ಒಳಗಿನದು ಮನೆಯವರ ಜವಾಬ್ದಾರಿ.

ಇವುಗಳ ನಡುವೆ ಒಂದು ಲಕ್ಷಣವನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಮಿಕ್ಸಿ ಹಾಕಿದಾಗ ಕೆಲವು ಲೈಟ್ ಮಂಕಾಗುತ್ತವೆ, ಅದೇ ಹೊತ್ತಿಗೆ ಇನ್ನು ಕೆಲವು *ಜೋರಾಗಿ* ಉರಿಯುತ್ತವೆ. ಅಥವಾ ನಿಮ್ಮ ಮನೆ ಮಂಕು, ಎದುರು ಮನೆಯಲ್ಲಿ ಬಲ್ಬು ಪಟಪಟನೆ ಸುಡುತ್ತಿವೆ. ಇದು ಲೋ ವೋಲ್ಟೇಜ್ ಅಲ್ಲ, ನ್ಯೂಟ್ರಲ್ ಕಡಿದಿದೆ ಅಥವಾ ಕಡಿಯುವ ಹಂತದಲ್ಲಿದೆ.

ಟಿಸಿಯಿಂದ ಮೂರು ಫೇಸ್, ಒಂದು ನ್ಯೂಟ್ರಲ್ ಹೊರಡುತ್ತವೆ. ಯಾವುದೇ ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್. ಮನೆಗಳನ್ನು ಮೂರು ಫೇಸ್‌ಗೂ ಹಂಚಿರುತ್ತಾರೆ, ನ್ಯೂಟ್ರಲ್ ಎಲ್ಲರಿಗೂ ಒಂದೇ. ಆ ನ್ಯೂಟ್ರಲ್ ಕಂಬದ ಮೇಲೆ ಕಡಿದುಹೋದರೆ ಕರೆಂಟಿಗೆ ವಾಪಸ್ ಹೋಗುವ ದಾರಿ ಇಲ್ಲ. ಆಗ ಅದು ನಿಮ್ಮ ಮನೆಯ ಉಪಕರಣ, ಎದುರು ಮನೆಯ ಉಪಕರಣ ಎರಡನ್ನೂ ಹಾದು ಇನ್ನೊಂದು ಫೇಸ್‌ಗೆ ಸೇರುತ್ತದೆ. ಆ 400 ವೋಲ್ಟ್ ಎರಡು ಮನೆಗಳ ನಡುವೆ ಪಾಲಾಗುತ್ತದೆ, ಅದೂ ಸಮಪಾಲಲ್ಲ. ಕಡಿಮೆ ಸಾಮಾನು ಹಾಕಿಕೊಂಡವರಿಗೆ ಹೆಚ್ಚು ವೋಲ್ಟೇಜ್. ರಾತ್ರಿ ಒಂದು ಬಲ್ಬು, ಒಂದು ಟಿವಿ ಇಟ್ಟುಕೊಂಡವರ ಮನೆಗೆ 300 ವೋಲ್ಟ್‌ಗಿಂತ ಹೆಚ್ಚು ಬಂದು ಟಿವಿ ಸುಟ್ಟರೆ, ಮೋಟಾರು ಹಾಕಿಕೊಂಡವರ ಮನೆಯಲ್ಲಿ ಫ್ಯಾನ್ ತಿರುಗುವುದೇ ಇಲ್ಲ. ಮನೆಗೇ ತ್ರೀ ಫೇಸ್ ಇದ್ದರೆ ಇದೇ ಆಟ ನಿಮ್ಮ ಮನೆಯ ಒಳಗೇ ನಡೆಯಬಹುದು.

ಆ ಕ್ಷಣಕ್ಕೆ ಮಾಡಬೇಕಾದದ್ದು ಒಂದೇ: ಮೇನ್ ಆಫ್ ಮಾಡಿ, 1912ಕ್ಕೆ ಫೋನ್ ಮಾಡಿ "ನ್ಯೂಟ್ರಲ್ ಹೋದ ಹಾಗಿದೆ" ಎಂದೇ ಹೇಳಿ. "ಲೋ ವೋಲ್ಟೇಜ್" ಎಂದು ಹೇಳಿದರೆ ನಿಮ್ಮ ದೂರು ಸಂಜೆಯ ಸಾಲಿನಲ್ಲಿ ಕೂತುಬಿಡುವ ಸಾಧ್ಯತೆ ಇದೆ.

ಟೆಸ್ಟರ್ ಎರಡೂ ತೂತಿನಲ್ಲಿ ಉರಿದರೆ

ಸಿಂಗಲ್ ಫೇಸ್ ಮನೆಯೊಂದರ ನ್ಯೂಟ್ರಲ್ ಮಾತ್ರ ಕಡಿದರೆ ಲಕ್ಷಣ ಬೇರೆ. ಮನೆಯಲ್ಲಿ ಏನೂ ಉರಿಯುವುದಿಲ್ಲ, ಆದರೆ ಟೆಸ್ಟರ್ ಹಿಡಿದರೆ ಪ್ಲಗ್ಗಿನ ಎರಡೂ ತೂತಿನಲ್ಲಿ ಉರಿಯುತ್ತದೆ. "ಡಬಲ್ ಫೇಸ್ ಬಂದಿದೆ" ಎಂದು ಎಲೆಕ್ಟ್ರಿಷಿಯನ್‌ಗಳು ಹೇಳುವುದು ಇದಕ್ಕೇ. ಎರಡನೇ ಫೇಸ್ ಎಲ್ಲಿಂದಲೂ ಬಂದಿಲ್ಲ. ಆನ್ ಆಗಿರುವ ಬಲ್ಬು ಅಥವಾ ಫ್ಯಾನಿನ ಮೂಲಕ ಅದೇ ಫೇಸ್ ಹಾದು, ಮುಂದೆ ದಾರಿ ಕಾಣದೆ ನ್ಯೂಟ್ರಲ್ ವೈರಿನಲ್ಲಿ ನಿಂತಿದೆ. ಕರೆಂಟ್ ಇಲ್ಲದಂತೆ ಕಾಣುವ ಮನೆಯಲ್ಲಿ ಫೇಸ್, ನ್ಯೂಟ್ರಲ್ ಎರಡೂ ಶಾಕ್ ಹೊಡೆಯುವ ಸ್ಥಿತಿಯಲ್ಲಿರುತ್ತವೆ. "ಕರೆಂಟ್ ಹೋಗಿದೆಯಲ್ಲ" ಎಂದು ಹೋಲ್ಡರ್ ಬಿಚ್ಚಲು ಹೋಗುವುದು ಇಂಥ ಹೊತ್ತಿನಲ್ಲೇ.

ಟೆಸ್ಟರ್ ಬಗ್ಗೆ ಇನ್ನೊಂದು ಮಾತು. ಅದರೊಳಗಿನ ನಿಯಾನ್ ದೀಪ ಉರಿಯಲು ನಿಮ್ಮ ಮೈಯ ಮೂಲಕ ಅತ್ಯಲ್ಪ ಕರೆಂಟ್ ನೆಲಕ್ಕೆ ಹರಿಯಬೇಕು. ಒಣ ಮರದ ಸ್ಟೂಲ್ ಮೇಲೆ ನಿಂತಿದ್ದರೆ, ಬೆಳಕು ಜಾಸ್ತಿ ಇದ್ದರೆ, ಅಥವಾ ಟೆಸ್ಟರೇ ಹಾಳಾಗಿದ್ದರೆ ಅದು ಉರಿದದ್ದು ಕಾಣದೇ ಹೋಗಬಹುದು. ಉರಿದರೆ ಕರೆಂಟ್ ಇದೆ ಎಂದು ನಂಬಿ. ಉರಿಯದಿದ್ದರೆ ಇಲ್ಲ ಎಂದು ನಂಬಬೇಡಿ.

ನಲ್ಲಿ ಮುಟ್ಟಿದರೆ ಜುಮ್ ಅನ್ನುವುದೇಕೆ

ಹಳೆ ಮನೆಗಳ ಅರ್ತಿಂಗ್ ಬಗ್ಗೆ ಒಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಎಷ್ಟೋ ಹಳೆಯ ಮನೆಗಳಲ್ಲಿ ಅರ್ತ್ ವೈರನ್ನು ನೀರಿನ ಕಬ್ಬಿಣದ ಪೈಪಿಗೆ ಸುತ್ತಿಬಿಡುತ್ತಿದ್ದರು. ಪೈಪು ನೆಲದೊಳಗೆ ಬಹುದೂರ ಹೋಗಿರುತ್ತಿದ್ದರಿಂದ ಹೇಗೋ ನಡೆಯುತ್ತಿತ್ತು. ಆಮೇಲೆ ಪೈಪ್ ತುಕ್ಕು ಹಿಡಿಯಿತು, ಪ್ಲಂಬರ್ ಬಂದ, ಕಬ್ಬಿಣ ಕಿತ್ತು ಪ್ಲಾಸ್ಟಿಕ್ ಪೈಪ್ ಹಾಕಿದ. ನೀರು ಚೆನ್ನಾಗಿ ಬಂತು. ಮನೆಯ ಅರ್ತಿಂಗ್ ಅವತ್ತೇ ಹೋಯಿತು, ಯಾರಿಗೂ ಗೊತ್ತಾಗಲಿಲ್ಲ. ಗೋಡೆಯೊಳಗೆ ಉಳಿದ ಎರಡು ಮೂರು ಅಡಿ ಕಬ್ಬಿಣದ ತುಂಡಿಗೆ ಅರ್ತ್ ವೈರ್ ಇನ್ನೂ ಸುತ್ತಿಕೊಂಡೇ ಇದೆ. ಈಗ ಗೀಸರಿನ ಕಾಯಿಲ್ ಒಡೆದು ಸೋರಿದ ಕರೆಂಟು ಆ ತುಂಡಿಗೆ ಬಂದು ನಿಲ್ಲುತ್ತದೆ. ಆ ತುಂಡಿಗೆ ಬಚ್ಚಲಿನ ನಲ್ಲಿ ಸೇರಿಕೊಂಡಿದ್ದರೆ, ಕಾಯಿಸಲೆಂದೇ ಹಾಕಿದ ಕರೆಂಟು ನಲ್ಲಿ ತಿರುಗಿಸುವ ಕೈಗೆ ತಾಕುತ್ತದೆ.

ಇನ್ನೊಂದು, ಇದಕ್ಕಿಂತ ಕೆಟ್ಟದ್ದು. ಅರ್ತ್ ವೈರೇ ಇಲ್ಲದ ಕೋಣೆಗೆ ತ್ರೀಪಿನ್ ಸಾಕೆಟ್ ಹಾಕುವಾಗ ಕೆಲವರು ಒಳಗೆ ನ್ಯೂಟ್ರಲ್‌ನಿಂದ ಒಂದು ತುಂಡು ವೈರ್ ತೆಗೆದು ಅರ್ತ್ ಪಿನ್ನಿಗೆ ಸೇರಿಸುತ್ತಾರೆ. ಫ್ರಿಜ್ ಮುಟ್ಟಿದರೆ ಜುಮ್ ಅನ್ನುವುದು ತಕ್ಷಣ ನಿಲ್ಲುತ್ತದೆ. ಮನೆಯವರಿಗೂ ಖುಷಿ, ಮಾಡಿದವರಿಗೂ ಖುಷಿ. ಆದರೆ ಮೇಲೆ ಹೇಳಿದ ಹಾಗೆ ನ್ಯೂಟ್ರಲ್ ಕಡಿದ ದಿನ ಏನಾಗುತ್ತದೆ ಯೋಚಿಸಿ. ನ್ಯೂಟ್ರಲ್‌ನಲ್ಲಿ ನಿಂತ 230 ವೋಲ್ಟ್ ಆ ತುಂಡು ವೈರಿನ ಮೂಲಕ ನೇರ ಫ್ರಿಜ್ಜಿನ ಬಾಗಿಲಿಗೆ ಬರುತ್ತದೆ. ಫ್ರಿಜ್‌ನಲ್ಲಿ ಯಾವ ದೋಷವೂ ಇರುವುದಿಲ್ಲ. ಈ ಕೆಲಸ ಮಾಡಿಕೊಡುತ್ತೇನೆ ಎನ್ನುವವರನ್ನು ಮನೆಯೊಳಗೆ ಬಿಡದಿರುವುದೇ ವಾಸಿ ಎಂಬುದು ನಮ್ಮ ಅಭಿಪ್ರಾಯ.

ಲ್ಯಾಪ್‌ಟಾಪಿನ ಲೋಹದ ಮೈ, ಕಂಪ್ಯೂಟರ್ ಡಬ್ಬ ಮುಟ್ಟಿದಾಗ ಬರುವ ಸಣ್ಣ ಜುಮುಜುಮು ಬೇರೆ. ಅವುಗಳ ಚಾರ್ಜರ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಒಂದು ಮಿಲಿಆಂಪಿಯರ್‌ಗೂ ಕಡಿಮೆ ಕರೆಂಟ್ ಸೋರುವುದು ಸಹಜ. ಅದು ಕೊಲ್ಲುವುದಿಲ್ಲ, ಆದರೆ "ಈ ಪ್ಲಗ್ಗಿಗೆ ಅರ್ತ್ ಇಲ್ಲ" ಎಂಬ ಸುಳಿವು ಕೊಡುತ್ತದೆ. ಗೀಸರ್, ವಾಷಿಂಗ್ ಮಷಿನ್, ಗ್ರೈಂಡರ್, ಪಂಪಿನ ಪೈಪು ಜುಮ್ ಎಂದರೆ ಮಾತ್ರ ಅದನ್ನು ಸುಳಿವು ಎಂದುಕೊಂಡು ಬಿಡಬೇಡಿ. ಪ್ಲಗ್ ಕಿತ್ತಿಡಿ, ಪಂಪಿಗೆ ಮೇನ್ ಆಫ್ ಮಾಡಿ, ಸರಿ ಮಾಡಿಸುವ ತನಕ ಬಳಸಬೇಡಿ.

ಇಲ್ಲಿ ರಬ್ಬರ್ ಚಪ್ಪಲಿಯ ನಂಬಿಕೆ ಎಲ್ಲಿ ಸೋಲುತ್ತದೆ ಎಂದೂ ಕಾಣುತ್ತದೆ. ಒಣ ಚಪ್ಪಲಿ ಪಾದದ ದಾರಿಯನ್ನು ಸ್ವಲ್ಪ ತಡೆಯುತ್ತದೆ, ನಿಜ. ಆದರೆ ಒಂದು ಕೈ ವಾಷಿಂಗ್ ಮಷಿನ್ ಮೇಲೆ, ಇನ್ನೊಂದು ಕೈ ನಲ್ಲಿಯ ಮೇಲೆ ಇದ್ದರೆ ಕರೆಂಟ್ ಕೈಯಿಂದ ಕೈಗೆ, ಎದೆಯ ಮೂಲಕವೇ ಹಾದುಹೋಗುತ್ತದೆ. ಬಚ್ಚಲಲ್ಲಿ ನೆನೆದ ಚಪ್ಪಲಿಯನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ.

"ಅರ್ತಿಂಗ್ ಗುಂಡಿ ಇದೆ, ಬೇಸಿಗೆಯಲ್ಲಿ ನೀರೂ ಹಾಕುತ್ತೇವೆ, ಮತ್ತೆ ಆರ್‌ಸಿಸಿಬಿ ಯಾಕೆ?" ಎನ್ನುವವರಿದ್ದಾರೆ. ನೀರು ಹಾಕುವುದು ಒಳ್ಳೆಯ ಅಭ್ಯಾಸವೇ, ಮಣ್ಣು ಒಣಗಿದರೆ ಅದರ ರೋಧ ಏರುತ್ತದೆ. ಆದರೆ ಗುಂಡಿಯ ರೋಧ 10 ಓಮ್ ಇದೆ ಎಂದುಕೊಳ್ಳಿ. ಗೀಸರಿನ ಮೈಗೆ ಫೇಸ್ ತಾಗಿದರೆ ಹರಿಯುವುದು ಹೆಚ್ಚೆಂದರೆ 23 ಆಂಪಿಯರ್. 16 ಆಂಪಿಯರ್ ಎಂಸಿಬಿ ಅಷ್ಟಕ್ಕೆ ತಕ್ಷಣ ಬೀಳುವುದಿಲ್ಲ, ನಿಮಿಷಗಟ್ಟಲೆ ತೆಗೆದುಕೊಳ್ಳಬಹುದು. ಅಷ್ಟು ಹೊತ್ತೂ ಗೀಸರಿನ ಮೈಯಲ್ಲಿ ಅಪಾಯದ ವೋಲ್ಟೇಜ್ ಇರುತ್ತದೆ. ಆರ್‌ಸಿಸಿಬಿ ಇದ್ದಿದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತಿತ್ತು.

ಫ್ಯೂಸ್ ಹೋಗದೆಯೂ ಸುಡುವ ಸ್ವಿಚ್ಚು

ಸ್ವಿಚ್ ಬೋರ್ಡ್ ಬಿಸಿ, ಪ್ಲಗ್ಗಿನ ತೂತು ಕಪ್ಪು, ಅಡುಗೆಮನೆಯಲ್ಲಿ ಏನೂ ಮಾಡದಿದ್ದರೂ ಮೀನಿನಂಥ ಸುಟ್ಟ ವಾಸನೆ. ಇದು ಸಡಿಲ ಜಾಯಿಂಟಿನ ಕೆಲಸ. 3,000 ವಾಟ್‌ನ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಸ್ವಿಚ್ಚಿನ ಸ್ಕ್ರೂ ಸಡಿಲವಾಗಿ ಅಲ್ಲಿ ಅರ್ಧ ಓಮ್ ರೋಧ ಬಂದರೆ ಸಾಕು, ಆ ಒಂದು ಬಿಂದುವಿನಲ್ಲೇ ಸುಮಾರು 85 ವಾಟ್ ಶಾಖ. ಹಳೆ ಕಾಲದ ದೊಡ್ಡ ಬಲ್ಬೊಂದನ್ನು ಸ್ವಿಚ್ಚಿನ ಡಬ್ಬದೊಳಗೆ ಮುಚ್ಚಿಟ್ಟ ಹಾಗೆ. ಕರೆಂಟ್ ಹೆಚ್ಚಾಗಿಲ್ಲವಾದ್ದರಿಂದ ಫ್ಯೂಸೂ ಹೋಗುವುದಿಲ್ಲ, ಎಂಸಿಬಿಯೂ ಬೀಳುವುದಿಲ್ಲ. ಹಿಂದೆ ಹಾಕುತ್ತಿದ್ದ ಅಲ್ಯೂಮಿನಿಯಂ ವೈರ್ ಇದ್ದರೆ, ಅದಕ್ಕೆ ತಾಮ್ರವನ್ನು ತಿರುಚಿ ಟೇಪ್ ಸುತ್ತಿದ್ದರೆ, ಮೊದಲು ಕೈಕೊಡುವುದು ಆ ಜಾಗವೇ.

ಪದೇಪದೇ ಫ್ಯೂಸ್ ಹೋಗುತ್ತದೆಂದು ದಪ್ಪ ತಂತಿ ಕಟ್ಟುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಫ್ಯೂಸ್ ಕರಗುವ ಬದಲು ಗೋಡೆಯೊಳಗಿನ ವೈರ್ ಕರಗುತ್ತದೆ. ಅದನ್ನು ಬದಲಿಸಲು ಗೋಡೆ ಒಡೆಯಬೇಕು. 16 ಎಂಸಿಬಿ ಬೀಳುತ್ತದೆಂದು 32 ಹಾಕಿಸುವುದೂ ಇದೇ ತಪ್ಪು, ದುಬಾರಿ ರೂಪದಲ್ಲಿ.

ಮಳೆಗಾಲದಲ್ಲಿ ಮಾತ್ರ ಕಾಣುವ ತೊಂದರೆಗಳಿಗೆ ಕಾರಣ ಹೆಚ್ಚಾಗಿ ನೆನೆದ ಗೋಡೆ, ಹೆಂಚಿನ ಸಂದಿಯಿಂದ ಬೋರ್ಡಿಗೆ ಇಳಿದ ನೀರು, ಅಟ್ಟದ ಮೇಲೆ ಇಲಿ ಕಡಿದ ವೈರು. ಅಂಗಳದಲ್ಲಿ ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟಿದ್ದರೆ, ಅದರ ಒಂದು ತುದಿ ಸರ್ವಿಸ್ ವೈರಿನ ಪೈಪಿಗೋ ಶೀಟಿನ ಮಾಡಿಗೋ ಬಿಗಿದಿದ್ದರೆ, ಇವತ್ತೇ ಬಿಚ್ಚಿ ನೈಲಾನ್ ಹಗ್ಗ ಕಟ್ಟಿ. ಮೇಲೆ ವೈರಿನ ಸಿಪ್ಪೆ ಸವೆದರೆ ಇಡೀ ತಂತಿಗೆ ಕರೆಂಟ್ ಬರುತ್ತದೆ, ಒದ್ದೆ ಬಟ್ಟೆ ಹಿಡಿದ ಕೈ ಅದನ್ನು ಮುಟ್ಟುತ್ತದೆ. ಒಬ್ಬರನ್ನು ಬಿಡಿಸಲು ಹೋದ ಇನ್ನೊಬ್ಬರೂ ಹೋಗುವುದು ಇಂಥಲ್ಲೇ.

ಮಣ್ಣಲ್ಲಿ ಹೂಳಬೇಡಿ

ಶಾಕ್ ಹೊಡೆದವರ ಮೈಯಲ್ಲಿ ಕರೆಂಟ್ ತುಂಬಿಕೊಂಡಿರುವುದಿಲ್ಲ. ಸಂಪರ್ಕ ತಪ್ಪಿದ ಕ್ಷಣವೇ ಅದು ಮುಗಿಯಿತು. ಇಳಿಸಲು ಏನೂ ಉಳಿದಿಲ್ಲ. ಉಳಿದಿರುವುದು ನಿಂತುಹೋಗಿರಬಹುದಾದ ಹೃದಯ ಮಾತ್ರ, ಅದಕ್ಕೆ ನಿಮಿಷಗಳ ಲೆಕ್ಕ. ಗುಂಡಿ ತೋಡುವಷ್ಟು ಹೊತ್ತಿಲ್ಲ.

ಮೊದಲು ಮೇನ್ ಆಫ್. ಅದು ಆಗದಿದ್ದರೆ ಒಣ ಮರದ ಕೋಲಿನಿಂದ ವೈರನ್ನು ದೂರ ತಳ್ಳಿ. ಅಲ್ಲಿಯವರೆಗೆ ಅವರನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೀದಿಯ ಲೈನ್ ಕಡಿದು ಬಿದ್ದಿದ್ದರೆ ಹತ್ತಿರ ಹೋಗಲೇಬೇಡಿ, ಕೋಲೂ ಬೇಡ, 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸಿ. ಸಂಪರ್ಕ ತಪ್ಪಿದ ಮೇಲೆ, ವ್ಯಕ್ತಿ ಪ್ರತಿಕ್ರಿಯಿಸದೆ, ಸರಿಯಾಗಿ ಉಸಿರಾಡದೆ ಇದ್ದರೆ ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಎದೆಯ ನಡುವೆ ಎರಡೂ ಕೈಯಿಟ್ಟು ಸುಮಾರು ಎರಡು ಇಂಚು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ ಒತ್ತುತ್ತಿರಲಿ, ಆಂಬುಲೆನ್ಸ್ ಬರುವ ತನಕ. ಎದ್ದು ಕೂತು "ಏನೂ ಆಗಿಲ್ಲ" ಎಂದರೂ, ಜೋರಾದ ಶಾಕ್ ಆಗಿದ್ದರೆ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ.

ಪೂರ್ತಿ ವೈರಿಂಗ್ ಬದಲಿಸಲು ದುಡ್ಡಿಲ್ಲ. ಮೊದಲು ಏನು?

ಹಳೆ ಮನೆಯವರ ನಿಜವಾದ ಪ್ರಶ್ನೆ ಇದು. ಎಲೆಕ್ಟ್ರಿಷಿಯನ್ ಬಂದು "ಎಲ್ಲಾ ಕಿತ್ತು ಹೊಸದು ಮಾಡ್ಬೇಕು ಸಾರ್" ಎಂದರೆ ಯಾರಾದರೂ ಮುಂದೂಡುತ್ತಾರೆ. ನಮ್ಮ ಪ್ರಕಾರ ಮೊದಲ ಖರ್ಚು ಒಂದು ಒಳ್ಳೆಯ ಅರ್ತಿಂಗ್ ಮತ್ತು ಮೇನ್ ಪಕ್ಕದಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಎರಡನೆಯದು ಬಚ್ಚಲು ಮತ್ತು ಅಡುಗೆಮನೆಗೆ ಮೇನ್‌ನಿಂದ ನೇರ, ಅರ್ತ್ ಸಹಿತ ಹೊಸ ತಾಮ್ರದ ವೈರ್: 16 ಆಂಪಿಯರ್ ಪ್ಲಗ್ಗಿಗೆ ಕನಿಷ್ಠ 2.5 ಚದರ ಮಿಲಿಮೀಟರ್, ದೊಡ್ಡ ಗೀಸರಿಗೆ 4. ಬಲ್ಬು, ಫ್ಯಾನಿನ ಹಳೆ ವೈರ್ ಸಿಪ್ಪೆ ಗಟ್ಟಿಯಿದ್ದರೆ ಇನ್ನೊಂದು ವರ್ಷ ಕಾಯಬಹುದು. ಕೆಲಸಕ್ಕೆ ಲೈಸೆನ್ಸ್ ಇರುವವರನ್ನೇ ಕರೆಯಿರಿ, ಮುಗಿದ ಮೇಲೆ "ಅರ್ತಿಂಗ್ ಎಷ್ಟು ಓಮ್ ಬಂತು?" ಎಂದು ಕೇಳಿ. ಅಳೆಯದೆ "ಸೂಪರ್ ಇದೆ ಸಾರ್" ಎನ್ನುವವರಿಗೆ ಪೂರ್ತಿ ದುಡ್ಡು ಕೊಡಬೇಡಿ.

ಇಲ್ಲಿಗೆ ಕಥೆ ಮುಗಿಯುವುದಿಲ್ಲ. ಹಳೆ ಮನೆಗೆ ಆರ್‌ಸಿಸಿಬಿ ಹಾಕಿದ ಮೊದಲ ದಿನವೇ ಅದು ಬೀಳತೊಡಗಬಹುದು. "ಪೀಸ್ ಸರಿಯಿಲ್ಲ" ಎಂದು ಅದನ್ನು ಬೈಪಾಸ್ ಮಾಡಿಬಿಡುವುದು ಸುಲಭದ ದಾರಿ. ಬಹಳಷ್ಟು ಸಲ ಪೀಸ್ ಸರಿಯಾಗಿಯೇ ಇರುತ್ತದೆ, ವರ್ಷಗಳಿಂದ ಸೋರುತ್ತಿದ್ದದ್ದು ಈಗ ಸಿಕ್ಕಿಬಿದ್ದಿರುತ್ತದೆ. ಎಲ್ಲ ಪ್ಲಗ್ಗುಗಳನ್ನೂ ಕಿತ್ತು ಆರ್‌ಸಿಸಿಬಿ ಎತ್ತಿ. ನಿಂತರೆ ಒಂದೊಂದಾಗಿ ಹಾಕುತ್ತ ಹೋಗಿ, ಯಾವುದಕ್ಕೆ ಬೀಳುತ್ತದೋ ಅದೇ ಕಳ್ಳ. ಹೆಚ್ಚಾಗಿ ಗೀಸರೋ ಹಳೆ ಗ್ರೈಂಡರೋ ಇರುತ್ತದೆ. ಬರಿಯ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು, ಏಕೆಂದರೆ ಸ್ವಿಚ್ ಕತ್ತರಿಸುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಸೇರಿಕೊಂಡೇ ಇರುತ್ತದೆ. ಎಲ್ಲ ಕಿತ್ತ ಮೇಲೂ ನಿಲ್ಲದಿದ್ದರೆ ದೋಷ ವೈರಿಂಗಿನಲ್ಲಿದೆ. ಎಲ್ಲೋ ಒಂದು ಬೋರ್ಡಿನೊಳಗೆ ನ್ಯೂಟ್ರಲ್‌ಗೂ ಅರ್ತ್‌ಗೂ ಯಾರೋ ಸೇರಿಸಿಟ್ಟ ಆ ತುಂಡು ವೈರ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ಮೊದಲು ಅಲ್ಲೇ ಹುಡುಕಲು ಹೇಳಿ. ಎಲ್ಲ ಸರಿಯಾದ ಮೇಲೆ ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಿ. ಒತ್ತಿದಾಗ ಬೀಳದಿದ್ದರೆ ಅದನ್ನು ಬದಲಿಸಿ.